ನಿಂತವನ ಅಳತೆ

ಗೆಳೆಯ ಮೂಲೆಮಟ್ಟ,

ಅಡ್ಡಹೆಸರಿನಿಂದಲೇ ಕರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ಗೋಡೆಯ ಮೂಲೆ ಕೂದಲೆಳೆಯಷ್ಟು ಸೊಟ್ಟಗಿದ್ದರೂ ಊಟ ಬಿಟ್ಟು ಕೆಡವಿ ಕಟ್ಟುತ್ತಿದ್ದವನು ನೀನು. ಆ ಹೆಸರು ಇಟ್ಟವನು ನಾನೇ. ನನ್ನ ಉದ್ದ ನೋಡಿ ನೀನು 'ಏಣಿ' ಎಂದೆ, ಅಲ್ಲಿಗೆ ಲೆಕ್ಕ ಚುಕ್ತಾ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಮನೆಗೆ ಹೇಳಿ ಕಳಿಸಿದರೆ ಕೆಲಸಕ್ಕೆ ಹೋಗಿದ್ದಾನೆ ಎನ್ನುತ್ತಾರೆ, ರಜಾ ದಿನವೂ ಅದೇ ಮಾತು. ಕಾಗದವನ್ನಾದರೂ ಜೇಬಿಗೆ ಹಾಕಿಕೊಂಡು, ಯಾರೂ ಇಲ್ಲದಾಗ ಓದುತ್ತೀಯ ಎಂದುಕೊಂಡು ಬರೆಯುತ್ತಿದ್ದೇನೆ.

ನಾನು ಬಿದ್ದ ದಿನದಿಂದ ನೀನು ನನ್ನ ಮುಖ ನೋಡಿಲ್ಲ. ಸಾರುವೆಯ ಹಲಗೆಗೆ ಹಗ್ಗ ಬಿಗಿದವನು ನೀನು. ಅದರ ಮೇಲೆ ನಿಂತು ಗೋಡೆಗೆ ಬಣ್ಣ ಹೊಡೆಯುತ್ತಿದ್ದವನು ನಾನು. ಗಂಟು ಬಿಚ್ಚಿಕೊಂಡಿತು. ಈಗ ಸೊಂಟದಿಂದ ಕೆಳಗೆ ನನ್ನದು ಎನ್ನುವುದು ಏನೂ ಇಲ್ಲ, ಇದ್ದೂ ಇಲ್ಲ. ಇದನ್ನು ನೀನು ಯಾರ ಬಾಯಿಂದಲೋ ಕೇಳಿರುತ್ತೀಯ, ನನ್ನಿಂದಲೂ ಕೇಳು.

ಆಸ್ಪತ್ರೆಯಿಂದ ಬಿಡುವ ಮುಂಚೆ ಡಾಕ್ಟರು ನನ್ನ ಹೆಂಡತಿಗೆ ಹೇಳಿದ್ದರು, ಬಾಗಿಲು ಅಗಲ ಮಾಡಿಸಿ, ಮೆಟ್ಟಿಲ ಮೇಲೆ ಗಾಲಿಕುರ್ಚಿಗೆ ಇಳಿಜಾರು ಹಾಕಿಸಿ, ಬಚ್ಚಲಲ್ಲಿ ಹಿಡಿದುಕೊಳ್ಳಲು ಕಂಬಿ ಕೂರಿಸಿ ಎಂದು. ಪಾಪ, ಅವಳು ಚಪ್ಪಲಿ ಸವೆಯುವಂತೆ ಅಲೆದಳು. ಒಬ್ಬ ಕಂಟ್ರಾಕ್ಟರು, "ಇಷ್ಟು ಸಣ್ಣ ಕೆಲಸಕ್ಕೆ ಯಾರಮ್ಮ ಬರ್ತಾರೆ? ಮನೆನೇ ಕೆಡವಿ ಕಟ್ಟಿಸೋದಾದ್ರೆ ಹೇಳಿ" ಎಂದನಂತೆ. ಕೈಲಾಗದವರ ಮನೆಗೆ ಪುಕ್ಕಟೆ ಕಂಬಿ ಹಾಕಿಕೊಡುವ ಸಂಘವೊಂದಿದೆ ಎಂದು ಯಾರೋ ಹೇಳಿದರು. ಅಲ್ಲಿಗೂ ಹೋದಳು. ಅವರದು ವಯಸ್ಸಾದವರಿಗೆ ಮಾತ್ರವಂತೆ, ಅರವತ್ತು ತುಂಬಿದ ಮೇಲೆ ಬನ್ನಿ ಎಂದರಂತೆ. ಹಾಸಿಗೆಯ ಪಕ್ಕ ಕೂತು ಇದನ್ನು ಹೇಳುತ್ತಾ, "ಇನ್ನು ಹನ್ನೆರಡು ವರ್ಷ ತಡ್ಕೊಂಡಿರಿ, ಆಮೇಲೆ ಬಚ್ಚಲಿಗೆ ಹೋಗೋರಂತೆ" ಎಂದಳು. ಇಬ್ಬರೂ ನಕ್ಕೆವು, ಪಕ್ಕದ ಮಂಚದವನು ತಿರುಗಿ ನೋಡುವಷ್ಟು. ಆಮೇಲೆ ಅವಳು ಅತ್ತಳು. ಊರಿನವರ ಮನೆಗಳನ್ನೆಲ್ಲ ಹತ್ತಿ ಇಳಿದವನ ಮನೆಗೆ ಒಂದು ಕಂಬಿ ಜಡಿಯುವವರಿರಲಿಲ್ಲ.

ಕೊನೆಗೆ ವಿಷಯ ಮೇಸ್ತ್ರಿಯ ಕಿವಿಗೆ ಬಿತ್ತು. ನಮ್ಮ ತಂಡದವರೆಲ್ಲ ಸಾಮಾನು ಹೊತ್ತುಕೊಂಡು ಬಂದುಬಿಟ್ಟರು, ನೀನೊಬ್ಬ ಬಿಟ್ಟು. ನಾನಿನ್ನೂ ಆಸ್ಪತ್ರೆಯಲ್ಲಿದ್ದೆ. ನಮ್ಮವರು ಅಳತೆ ತೆಗೆಯುವ ರೀತಿ ನಿನಗೆ ಗೊತ್ತಲ್ಲ. ಟೇಪು ಬೇಕಾದಾಗ ಸಿಗುತ್ತಿರಲಿಲ್ಲ, ನಾನು ಸಿಗುತ್ತಿದ್ದೆ. "ಏಣಿ, ಬಂದು ನಿಂತ್ಕೊಳೋ" ಎಂದರೆ ನಾನು ಗೋಡೆಗೆ ಒರಗಿ ನಿಲ್ಲುತ್ತಿದ್ದೆ, ಮೇಸ್ತ್ರಿ ಪೆನ್ಸಿಲಿನಲ್ಲಿ ಗೀಟು ಎಳೆಯುತ್ತಿದ್ದ. ಏಣಿಯ ಎದೆ, ಏಣಿಯ ಭುಜ, ಏಣಿ ಎತ್ತಿದ ಕೈ. ಎಷ್ಟು ಮನೆಗಳ ಸ್ವಿಚ್ಚು, ಕಪಾಟು ಆ ಗೀಟಿನ ಮೇಲೆ ಕೂತಿವೆಯೋ. ನಾನಿಲ್ಲದಿದ್ದರೂ ಆ ಎತ್ತರ ಅವರಿಗೆ ಕಂಠಪಾಠ. ಹಾಗಾಗಿ ನನ್ನ ಬಚ್ಚಲಲ್ಲಿ ಕಂಬಿಯನ್ನು ಏಣಿಯ ಎದೆಮಟ್ಟಕ್ಕೆ ಹಾಕಿದರು, ಸ್ವಿಚ್ಚನ್ನು ಏಣಿಯ ಭುಜದ ಮಟ್ಟಕ್ಕೆ. ಪ್ರೀತಿಯಿಂದ ಹಾಕಿದರು, ಅದರಲ್ಲಿ ಎರಡು ಮಾತಿಲ್ಲ.

ನನ್ನನ್ನು ಮನೆಗೆ ಕರೆತಂದ ದಿನ ಎಲ್ಲರೂ ಬಚ್ಚಲ ಬಾಗಿಲಲ್ಲಿ ಹಲ್ಲು ಬಿಟ್ಟುಕೊಂಡು ನಿಂತಿದ್ದರು. ಕುರ್ಚಿ ಒಳಗೆ ಹೋಯಿತು. ಕಂಬಿ ನನ್ನ ನೆತ್ತಿಯ ಮೇಲಿತ್ತು. ಕೈ ಎತ್ತಿ ಹಿಡಿದೆ, ಬಸ್ಸಿನಲ್ಲಿ ಜೋತಾಡುವವನ ಹಾಗೆ. ಮೇಸ್ತ್ರಿಯ ಮುಖ ಬಿಳಿಚಿಕೊಂಡಿತು. ಅವನ ಕಣ್ಣಲ್ಲಿ ನಾನು ಅಲ್ಲಿಯವರೆಗೂ ನಿಂತೇ ಇದ್ದೆ ನೋಡು, ಆಗ ಕೂತೆ. "ನಾಳೆನೇ ಬಂದು ಇಳಿಸ್ತೀವಿ ಕಣೋ" ಎಂದು ಹೇಳಿ ಹೋದ.

ಆ ನಾಳೆ ಬರುವ ಮುಂಚೆಯೇ ಇನ್ನೊಂದು ಆಯಿತು. ಮೆಟ್ಟಿಲ ಮೇಲೆ ಅವರು ಹಾಕಿದ್ದ ಇಳಿಜಾರನ್ನು ನೀನು ನೋಡಬೇಕಿತ್ತು. ಸಿಮೆಂಟಿನ ಹಾಲು ಸವರಿ, ಕರಣೆಯಲ್ಲಿ ಉಜ್ಜಿ ಉಜ್ಜಿ ಕನ್ನಡಿ ಮಾಡಿದ್ದರು. ನಮ್ಮ ತಂಡದ ಹೆಮ್ಮೆಯೇ ಅದಲ್ಲವೇ, ನೆಲದಲ್ಲಿ ಮುಖ ಕಾಣಬೇಕು. ಬೆಳಿಗ್ಗೆ ನಾಲ್ಕು ಹನಿ ಬಿದ್ದಿತ್ತು. ಡಾಕ್ಟರಿಗೆ ತೋರಿಸಿಕೊಂಡು ಬರೋಣವೆಂದು ಹೆಂಡತಿ ಹಿಂದಿನಿಂದ ಕುರ್ಚಿ ಹಿಡಿದು ಇಳಿಸುತ್ತಿದ್ದಳು. ಅವಳ ಕಾಲು ಜಾರಿತು. ನಾನು ಕುರ್ಚಿಯ ಸಮೇತ ಬೀದಿಗೆ ಹೋಗಿ ನಿಂತೆ, ನನಗೆ ಒಂದು ಗೀರೂ ಆಗಲಿಲ್ಲ. ಅವಳು ಹಿಂದೆ ಬಿದ್ದು ಕೂಗುತ್ತಿದ್ದಳು. ಕುರ್ಚಿಯನ್ನು ತಿರುಗಿಸುವುದು ಹೇಗೆಂದು ನನಗಿನ್ನೂ ಬರುತ್ತಿರಲಿಲ್ಲ. ಬೆನ್ನು ಹಾಕಿಕೊಂಡೇ ಅವಳ ಕೂಗು ಕೇಳುತ್ತಾ ಕೂತಿದ್ದೆ.

ಅವಳ ಸೊಂಟದ ಮೂಳೆ ಮುರಿದಿದೆ. ಈಗ ಅವಳ ತಂಗಿಯ ಮನೆಯಲ್ಲಿದ್ದಾಳೆ. ವಾಕರ್ ಹಿಡಿದು ನಾಲ್ಕು ಹೆಜ್ಜೆ ಇಡುತ್ತಾಳಂತೆ. ನನ್ನನ್ನು ಎತ್ತಲು ಅವಳಿಂದಾಗದು, ಅವಳನ್ನು ಹಿಡಿಯಲು ನನ್ನಿಂದಾಗದು. ಇಪ್ಪತ್ತು ವರ್ಷದ ಸಂಸಾರ ಎರಡು ಮನೆಯ ಎರಡು ಮಂಚದ ಮೇಲೆ ಬಿದ್ದುಕೊಂಡಿದೆ. ಮೇಸ್ತ್ರಿಯೂ ಅಂದಿನಿಂದ ಬಂದಿಲ್ಲ. ಅವನದೂ ನಿನ್ನದೇ ರೋಗ. ಬಿದ್ದದ್ದಕ್ಕಿಂತ ಹೆಚ್ಚು ನೋಯುವುದು ಇದೇ ಕಣೋ. ನಮ್ಮಿಂದ ಹೀಗಾಯಿತು ಎಂದುಕೊಂಡವರೆಲ್ಲ ದೂರವಾದಿರಿ. ನಿಮ್ಮ ನಾಚಿಕೆಯನ್ನು ನೀವು ಮನೆಯಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದೀರಿ, ನಾನಿಲ್ಲಿ ಬಚ್ಚಲಿಗೆ ಹೋಗಲು ಷಡ್ಡಕನ ದಾರಿ ಕಾಯುತ್ತೇನೆ.

ಅವನು ಬೆಳಿಗ್ಗೆ ಸಂಜೆ ಬಂದು ಎತ್ತಿ ಕೂರಿಸುತ್ತಾನೆ. ಒಳ್ಳೆಯವನು, ಆದರೆ ಸೋತಿದ್ದಾನೆ. ಅವನೇ ಯಾರನ್ನೋ ಕರೆತಂದು ಕಂಬಿಯನ್ನು ಕೆಳಗಿಳಿಸಿದ. ಬಂದವನು ಉದುರುವ ಗಾರೆಗೇ ಸ್ಕ್ರೂ ತಿರುಗಿಸಿ ಹೋದ. ನಾನು ಮೈಭಾರ ಬಿಟ್ಟೆ, ಕಂಬಿ ಟೈಲ್ಸಿನ ಸಮೇತ ಕೈಗೆ ಬಂತು. ಸಂಜೆ ಅವನು ಬರುವವರೆಗೂ ಒದ್ದೆ ನೆಲದ ಮೇಲೆ ಬಿದ್ದಿದ್ದೆ. ಹೇಗಿದ್ದೆ ಎಂದು ಬರೆಯುವುದಿಲ್ಲ. ಆವತ್ತೇ ಷಡ್ಡಕ, "ನಂಗೂ ಸಾಕಾಗಿದೆ ಭಾವ, ಆಶ್ರಮದೋರ ಹತ್ರ ಮಾತಾಡಿದೀನಿ, ಮುಂದಿನ ತಿಂಗಳು ಕರ್ಕೊಂಡು ಹೋಗ್ತಾರೆ" ಎಂದ. ಅದು ಗಂಡಸರಿಗೆ ಮಾತ್ರ ಇರುವ ಜಾಗ. ಅಲ್ಲಿಗೆ ಹೋದರೆ ನಾವಿಬ್ಬರೂ ಮತ್ತೆ ಒಂದೇ ಸೂರಿನಡಿ ಮಲಗುವ ಮಾತು ಮುಗಿಯಿತು.

ಅದಕ್ಕೇ ಈ ಕಾಗದ. ಈ ಮನೆಯಲ್ಲಿ ಅವಳು ನಿಂತು ಹಿಡಿಯುವ ಎತ್ತರಕ್ಕೆ ಒಂದು ಕಂಬಿ ಬೇಕು, ನಾನು ಕೂತು ಹಿಡಿಯುವ ಎತ್ತರಕ್ಕೆ ಇನ್ನೊಂದು. ಆ ಹಾಳು ಕನ್ನಡಿಯನ್ನು ಉಳಿಯಿಂದ ಕೆತ್ತಿ ಒರಟು ಮಾಡಬೇಕು. ಗೋಡೆಯಲ್ಲಿ ಇಟ್ಟಿಗೆ ಸಿಗುವವರೆಗೂ ಕೊರೆಯುವ ತಾಳ್ಮೆ ನಿನಗಿದೆ, ಬೇರೆ ಯಾರಿಗೂ ಇರುವುದನ್ನು ನಾನು ಕಂಡಿಲ್ಲ.

ನಿನ್ನನ್ನು ಕ್ಷಮಿಸಿದ್ದೇನೆ ಎಂದು ಬರೆದರೆ ಬೇಗ ಬರುತ್ತೀಯೇನೋ. ಬರೆಯಲಾರೆ. ಕ್ಷಮಿಸಿಲ್ಲ. ಬೆಳಿಗ್ಗೆ ಎಚ್ಚರವಾಗಿ ಕಾಲು ಮಡಚಲು ಹೋಗುತ್ತೇನಲ್ಲ, ಆಗ ಮೊದಲು ನೆನಪಾಗುವುದು ನಿನ್ನ ಗಂಟು. ನಿನ್ನನ್ನು ಕರೆಯುತ್ತಿರುವುದು ಕ್ಷಮೆಗಲ್ಲ, ಕೆಲಸಕ್ಕೆ. ಬಾ. ಬಂದರೆ ನಾನು ಬೈಯಬಹುದು, ಬೈಸಿಕೊಂಡು ಕೆಲಸ ಮಾಡು. ನನ್ನನ್ನು ಕುರ್ಚಿಯಲ್ಲಿ ಕೂರಿಸಿಯೇ ಅಳತೆ ತೆಗೆ.

ಕಂಬಿ ಕೂರಿಸಿದ ಮೇಲೆ ಅದನ್ನು ಹಿಡಿದು ಮೊದಲು ನೀನು ಜೋತು ಬೀಳು. ಆಮೇಲೆ ನನ್ನ ಕಡೆ ತಿರುಗಿ, ಗಟ್ಟಿಯಾಗಿದೆ ಎಂದು ಬಾಯಿಬಿಟ್ಟು ಹೇಳು. ಆ ಬೆಳಿಗ್ಗೆಯೂ ನೀನು ಹಾಗೇ ಹೇಳಿದ್ದೆ, ನಾನು ಹಲಗೆ ಹತ್ತಿದ್ದೆ. ಇನ್ನೊಂದು ಸಲ ಹೇಳು, ಇನ್ನೊಂದು ಸಲ ನಂಬುತ್ತೇನೆ. ನನಗೆ ಬೇರೆ ದಾರಿಯಿಲ್ಲ.

ನಿನ್ನ ಕೈಗಳಿಗೆ ಬಲವಿರಲಿ. ನಿನ್ನ ಮನೆಯವರೆಲ್ಲ ತಮ್ಮ ತಮ್ಮ ಕಾಲ ಮೇಲೆ ನಿಂತಿರಲಿ.

ಇಂತಿ,
ಬಾಗಿಲು ತೆರೆದಿಟ್ಟುಕೊಂಡಿರುವ
ನಿನ್ನ ಏಣಿ