ಕೆಂಪು ರಕ್ತದ ಬಸವನಹುಳು

ಕುಂಚಾವರಂ, ಬುಧವಾರ

ಅವ್ವಾ, ನಿನಗೂ ಅಪ್ಪಾಜಿಗೂ ಶರಣು. ಕೆರೆಗಿಳಿದು ಕಾಲು ತುರಿಸುತ್ತಿತ್ತು, ಈಗ ಗುಣವಾಗಿದೆ. ಬೂಟು ಹಾಕಿಕೊಂಡೇ ಸಂಶೋಧನೆಗೆ ಬಸವನಹುಳು ಹಿಡಿಯುತ್ತೇನೆ, ಚಿಂತೆ ಬೇಡ.

ನಿನ್ನೆ ಆಡು ಸಾಕುವ ತುಳಜಾಬಾಯಿ ಎಂಬ ಮುದುಕಿ ನಮ್ಮ ಪ್ರಯೋಗಾಲಯಕ್ಕೆ ಸಿಟ್ಟಿನಿಂದ ಬಂದರು. ಈ ಬಸವನಹುಳುಗಳಿಂದ ಹಬ್ಬುವ ಜಂತಿನಿಂದ ಅವರ ಎರಡು ಆಡು ಸತ್ತಿವೆ. "ಎಲ್ಲಾ ಹುಳಾ ಸುಟ್ಟು ಹಾಕ್ರಿ ಮೇಡಂ!" ಎಂದರು.

ನಾನು ಅವರನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದೆ. ಈ ಜಾತಿಯ ಹುಳುವಿನ ರಕ್ತ ನಮ್ಮದರಂತೆಯೇ ಕೆಂಪು. ಅದರ ಒಂದು ಹನಿಯಲ್ಲಿ ಜಂತಿನ ಮರಿಯನ್ನು ಬಿಟ್ಟಿದ್ದೆ. ರಕ್ತಕಣಗಳು ನಾಲ್ಕೂ ಕಡೆಯಿಂದ ಬಂದು ಅದನ್ನು ಕೊಲ್ಲಲು ಮುತ್ತಿಕೊಂಡಿದ್ದವು.

ಮುದುಕಿ ಬಹಳ ಹೊತ್ತು ನೋಡಿದರು. "ಇದಕ್ಕೂ ಬ್ಯಾನಿ ಆಗ್ತದೇನ್ರಿ?"

"ಆಗ್ತದ ಆಯಿ. ಜಂತು ಮೊದ್ಲು ಇದರ ಮೈಯಾಗಽ ಹೊಗ್ತದ. ಹುಳ ಸೋತ್ರ, ಅಲ್ಲಿಂದ ಆಡಿಗೆ ಬರ್ತದ."

ಉಳಿದ ಆಡುಗಳಿಗೆ ಪಶುವೈದ್ಯರಿಂದ ಔಷಧ ಕೊಡಿಸಿದೆ. ಚೇತರಿಸಿಕೊಳ್ಳುತ್ತವೆ ಎಂದಿದ್ದಾರೆ. ಔಷಧದ ಶೀಸೆಯನ್ನು ಸೆರಗಿನಲ್ಲಿ ಕಟ್ಟಿಕೊಳ್ಳುತ್ತಾ ಮುದುಕಿ ಮೆಲ್ಲಗೆ ಕೇಳಿದರು: "ಸೋತ ಹುಳಕ್ಕ ಏನೂ ಔಷಧ ಇಲ್ಲೇನ್ರಿ?"

ಆ ಪ್ರಶ್ನೆಯನ್ನು ನನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ, ಅವ್ವಾ.

ಅಂಚೆಯವರು ಬಾಗಿಲಲ್ಲೇ ನಿಂತಿದ್ದಾರೆ, ಇಲ್ಲಿಗೇ ನಿಲ್ಲಿಸುತ್ತೇನೆ.

ನಿನ್ನ ಮಗಳು,
ಶೈಲಶ್ರೀ