ತಿರುಗುವ ಫ್ಯಾನಿನ ಮೇಲೆ ಬಂದ ಅಪವಾದ

ಮನೆ, ನಮ್ಮ ಕೋಣೆಯ ಕಿಟಕಿ ಪಕ್ಕದ ಮೇಜು
೧೪ ಜೂನ್, ಭಾನುವಾರ ಮಧ್ಯಾಹ್ನ

ನನ್ನ ಪ್ರೀತಿಯ ರೀ,

ಹೆಸರು ಹಿಡಿದು ಕರೆಯಲು ಇನ್ನೂ ನಾಲಿಗೆ ಏಳುವುದಿಲ್ಲ, ಆದ್ದರಿಂದ ಕಾಗದದಲ್ಲೂ ರೀ ಎಂದೇ ಬರೆದಿದ್ದೇನೆ. ಹೇಗಿದ್ದೀರಿ? ಎಂಜಿನ್ ಕೋಣೆಯ ಸೆಕೆಗೆ ಕತ್ತಿನ ಮೇಲೆ ಎದ್ದಿದ್ದ ಗುಳ್ಳೆಗಳು ಒಣಗಿದವೇ? ನಾನು ಕೊಟ್ಟ ಮುಲಾಮು ಹಚ್ಚುತ್ತಿದ್ದೀರೋ ಅಥವಾ ಡಬ್ಬಿಯ ಮುಚ್ಚಳವನ್ನೂ ತೆಗೆದಿಲ್ಲವೋ? ಹೊತ್ತು ಹೊತ್ತಿಗೆ ಊಟ ಮಾಡಿ. ನೀವು ಇಲ್ಲದೆ ನನಗೆ ಈ ಮಂಚ ಮೈದಾನದಷ್ಟು ದೊಡ್ಡದಾಗಿ ಕಾಣುತ್ತದೆ, ನಿಮ್ಮ ದಿಂಬನ್ನೂ ನಾನೇ ಇಟ್ಟುಕೊಂಡಿದ್ದೇನೆ. ಅತ್ತೆ, ಮಾವ ಚೆನ್ನಾಗಿದ್ದಾರೆ. ನಾನೂ ಚೆನ್ನಾಗಿದ್ದೇನೆ, ಕೋಪ ಒಂದನ್ನು ಬಿಟ್ಟರೆ. ಪ್ರೀತಿಯ ಮಾತು ಇಲ್ಲಿಗೆ ಸಾಕು, ಈಗ ಕೋಪಕ್ಕೆ ಬರುತ್ತೇನೆ.

ನಿನ್ನೆ ಸಂಜೆ ಹಡಗಿನ ಫೋನಿನಲ್ಲಿ ಏನು ಹೇಳಿದಿರಿ, ನೆನಪಿದೆಯೇ? ನನ್ನ ಲ್ಯಾಪ್‌ಟಾಪು ಬೆಳಗಾದರೆ ಫ್ಯಾನ್ ಕೆಟ್ಟಿದೆ ಎಂದು ಸುಳ್ಳೇ ಕೂಗುತ್ತಿತ್ತು, ಕೊನೆಗೂ ಕಾರಣ ಸಿಕ್ಕಿತು, ಯಾರೋ ಒಳಗಿನ ಸೆಟ್ಟಿಂಗ್ ಬದಲಾಯಿಸಿದ್ದರು ಎಂದು ನಾನು ಹೇಳಿದೆ. ನೀವು ಆರಾಮವಾಗಿ ನಕ್ಕು, "ಅಯ್ಯೋ, ಅದು ನಾನೇ ಕಣೇ. ಹೊರಡೋ ಹಿಂದಿನ ದಿನ ಹಾಕಿದ್ದೆ, ಬೆಳಿಗ್ಗೆ ಆನ್ ಮಾಡಿದಾಗ ಸದ್ದಾಗದೆ ಇರಲಿ ಅಂತ. ನಿಂಗೆ ಒಳ್ಳೇದಾಗ್ಲಿ ಅಂತಾನೇ" ಎಂದಿರಿ. ನಾನು ಬಾಯಿ ತೆರೆಯುವಷ್ಟರಲ್ಲಿ ಲೈನು ಕಡಿದುಹೋಯಿತು. ರಾತ್ರಿ ನಿದ್ದೆಯಲ್ಲೂ ನಿಮಗೆ ಉತ್ತರ ಕೊಡುತ್ತಿದ್ದೆ. ಮಂಗಳವಾರ ನಿಮ್ಮ ಕಂಪನಿಯ ಕಚೇರಿಯಿಂದ ಹಡಗಿಗೆ ಟಪಾಲು ಹೋಗುತ್ತದಂತೆ, ಅದಕ್ಕೇ ಈ ಕಾಗದ. ಇಂಗ್ಲಿಷ್ ಮೀಡಿಯಂನವಳ ಕನ್ನಡ, ತಪ್ಪಿದ್ದಲ್ಲಿ ತಿದ್ದಿಕೊಂಡು ಓದಿ. ಆದರೆ ಜಗಳವಾಡುವುದಕ್ಕೆ ನನಗೆ ಇಂಗ್ಲಿಷ್ ಸಾಲುವುದಿಲ್ಲ.

ನಿಮ್ಮ ಆ 'ಒಳ್ಳೇದಾಗ್ಲಿ' ನನಗೆ ಏನೇನು ಮಾಡಿತು ಎಂದು ಕೇಳಿ. ನೀವು ಹೊರಟ ಮರುದಿನ ಬೆಳಿಗ್ಗೆ ಲ್ಯಾಪ್‌ಟಾಪು ಆನ್ ಮಾಡಿದೆ. ಕೀಂ ಕೀಂ ಎಂದು ಕಿವಿ ಹರಿಯುವ ಹಾಗೆ ಕೂಗಿ, ಕಪ್ಪು ಪರದೆಯ ಮೇಲೆ ಫ್ಯಾನ್ ತಿರುಗುತ್ತಿಲ್ಲ, ಮುಂದುವರಿಸಿದರೆ ಅಪಾಯ ಎಂದು ಬರೆದು ನಿಂತಿತು. ನಾನು ಹೆದರಿ ಹೆದರಿ ಕೀಲಿ ಒತ್ತಿ ಮುಂದುವರಿಸಿದೆ. ಸ್ವಲ್ಪ ಹೊತ್ತಿಗೆ ಅದೇ ಸತ್ತ ಫ್ಯಾನು ಭರ್ರೆಂದು ತಿರುಗಿ ಮೇಜಿನ ಮೇಲಿದ್ದ ನಕಾಶೆಗಳನ್ನು ಹಾರಿಸಿತು. ಪಕ್ಕದ ಕಿಂಡಿಗೆ ಅಂಗೈ ಹಿಡಿದರೆ ಬಿಸಿ ಗಾಳಿ ಚೆನ್ನಾಗಿಯೇ ಬರುತ್ತಿತ್ತು. ಕೂಗು ಕೇಳಿ ಮಾವ ಓಡಿ ಬಂದರು. ಅವರ ವಿಷಯ ನಿಮಗೆ ಹೇಳಬೇಕೇ? ಬದುಕೆಲ್ಲ ರೈಲು ಓಡಿಸಿದವರು, ನಿವೃತ್ತಿಯಾದ ಮೇಲೆ ನಡೆದು ಹೋಗುವಾಗಲೂ ರಸ್ತೆಯ ಕೆಂಪು ದೀಪಕ್ಕೆ ನಿಲ್ಲುವವರು. ಗಾಳಿ ಬರುತ್ತಿದೆ ಮಾವ, ಕೈಯಿಟ್ಟು ನೋಡಿ ಎಂದೆ. ಅವರು ಕೈಯಿಡಲಿಲ್ಲ. "ಕೆಂಪು ಸಿಗ್ನಲ್ ಬಿದ್ದಿದೆ ಅಂದ್ರೆ ಬಿದ್ದಿದೆ ಕಣಮ್ಮಾ. ಹಳಿ ಖಾಲಿ ಕಾಣುತ್ತೆ ಅಂತ ಗಾಡಿ ಬಿಡೋಕಾಗುತ್ತಾ?" ಎಂದರು. ಮಧ್ಯಾಹ್ನ ಬಂದು ನೋಡಿದರೆ ನನ್ನ ಮೇಜಿನ ಕೆಳಗೆ ಒಂದು ಬಕೆಟ್ ಮರಳು. ಬೆಂಕಿ ಹತ್ತಿದರೆ ಇರಲಿ ಎಂದು. ಹೊಸ ಸೊಸೆಯ ಕೋಣೆಯಲ್ಲಿ ಮರಳಿನ ಬಕೆಟ್ಟು, ಯೋಚಿಸಿ ನೋಡಿ. ನನ್ನ ಕಾಲ್ಬೆರಳು ಎರಡು ಸಲ ಅದಕ್ಕೆ ತಗುಲಿತು.

ಸರ್ವೀಸ್ ಸೆಂಟರಿನವನ ಕಥೆ ಇನ್ನೂ ಚೆಂದ. ಗೇಮಿಂಗ್ ಲ್ಯಾಪ್‌ಟಾಪು ಎಂದು ಕಂಡದ್ದೇ ತಡ, "ಗೇಮ್ ತುಂಬಾ ಆಡ್ತೀರಾ ಮೇಡಂ?" ಎಂದ. ನಾನು ಕಟ್ಟಡ ಕಟ್ಟುವ ಮೊದಲೇ ಅದರೊಳಗೆ ಓಡಾಡಿದ ಹಾಗೆ ತೋರಿಸುವ ಚಿತ್ರ ಮಾಡುವವಳು, ಆ ಕೆಲಸಕ್ಕೆ ಇಂಥ ಯಂತ್ರವೇ ಬೇಕು ಎಂದು ಅವನಿಗೆ ಎಷ್ಟು ಹೇಳಿದರೂ ಮುಗುಳ್ನಗೆ ಹೋಗಲಿಲ್ಲ. ಹೊಸ ಫ್ಯಾನ್ ಹಾಕಿದ. ಅಲ್ಲೇ ನಾಲ್ಕಾರು ಸಲ ಆಫ್ ಮಾಡಿ ಆನ್ ಮಾಡಿ ತೋರಿಸಿದ, ಒಂದು ಸಲವೂ ಕೂಗಲಿಲ್ಲ. ಮನೆಗೆ ತಂದ ಮರುದಿನ ಬೆಳಿಗ್ಗೆ ಮತ್ತೆ ಕೀಂ ಕೀಂ. ಫೋನ್ ಮಾಡಿದರೆ, "ನಮ್ಮಲ್ಲಿ ಸರಿಯಾಗೇ ಇತ್ತು ಮೇಡಂ. ನಿಮ್ಮ ಮನೇಲಿ ಮಾತ್ರ ಕೂಗುತ್ತೆ ಅಂದ್ರೆ ನೋಡಿ..." ಎಂದು ನಿಲ್ಲಿಸಿದ. ಏನು ನೋಡಬೇಕು ನಾನು? ನನ್ನ ಕೈಗುಣವನ್ನೇ? ಯಂತ್ರ ಸುಳ್ಳು ಹೇಳುವುದಿಲ್ಲ, ಆದ್ದರಿಂದ ಸುಳ್ಳು ಹೇಳುತ್ತಿರುವವಳು ನಾನು, ಇದು ಅವನ ಲೆಕ್ಕ. ನನ್ನ ಅಂಗೈಗೆ ತಗುಲಿದ ಗಾಳಿಯನ್ನು ನಂಬುವವರು ಈ ಊರಲ್ಲಿ ಒಬ್ಬರೂ ಇರಲಿಲ್ಲ. ಇದ್ದ ಒಬ್ಬರು ಸಮುದ್ರದ ಮೇಲಿದ್ದರು, ಮಾಡಿದವರೂ ಅವರೇ.

ಇಷ್ಟಾದರೂ ಸಹಿಸಿಕೊಂಡಿದ್ದೆ. ಆದರೆ ಸೋಮವಾರ ಆಫೀಸಿನಲ್ಲಿ ಲೈಬ್ರರಿ ಕಟ್ಟಿಸುವ ಟ್ರಸ್ಟಿನವರು ಮೇಜಿನ ಸುತ್ತ ಕೂತಿದ್ದರು. ಅದು ಈ ಆಫೀಸಿನಲ್ಲಿ ನನ್ನ ಕೈಗೆ ಬಂದ ಮೊದಲ ದೊಡ್ಡ ಕೆಲಸ. ಓದುವ ಕೋಣೆಗೆ ಬೆಳಕು ಎಲ್ಲಿಂದ ಬೀಳುತ್ತದೆ ಎಂಬುದನ್ನೇ ನಾನು ಎಷ್ಟು ಸಲ ತಿದ್ದಿದ್ದೆ ಎಂದು ನಿಮಗೆ ಗೊತ್ತು. ಲ್ಯಾಪ್‌ಟಾಪು ತೆರೆದೆ. ಕೀಂ ಕೀಂ. ದೊಡ್ಡ ಪರದೆಯ ಮೇಲೆ ಎಲ್ಲರಿಗೂ ಕಾಣುವ ಹಾಗೆ ಅಪಾಯ, ಅಪಾಯ. ಟ್ರಸ್ಟಿನ ಹಿರಿಯಮ್ಮ ಕುರ್ಚಿ ಹಿಂದಕ್ಕೆ ಸರಿಸಿದರು. ನಮ್ಮ ಬಾಸ್ ಆಮೇಲೆ ಸರ್ವೀಸ್ ಸೆಂಟರಿಗೆ ಫೋನ್ ಮಾಡಿ ವಿಚಾರಿಸಿ, ನನ್ನನ್ನು ಒಳಗೆ ಕರೆದು, "ಅದರ ಮೇನ್ ಬೋರ್ಡೇ ಹೋಗಿದೆಯಂತೆ, ಬದಲಾಯಿಸ್ಕೊಂಡು ಬಾ. ಶುಕ್ರವಾರ ಟ್ರಸ್ಟಿನವರು ಮತ್ತೆ ಬರ್ತಾರೆ, ಆಗ ಹಿಂಗಾಗೋದು ಬೇಡ. ಲೈಬ್ರರಿ ಕೆಲಸ ಬೇರೆಯವರು ನೋಡ್ಕೋತಾರೆ" ಎಂದರು. ಬೋರ್ಡು ಬದಲಾಯಿಸಲು ಮೂರು ವಾರ ಬೇಕಂತೆ. ಮನೆಗೆ ಬಂದರೆ ಮಾವ ಆಗಲೇ ಸರ್ವೀಸ್ ಸೆಂಟರಿಗೆ ಫೋನ್ ಮಾಡಿ, ಗುರುವಾರ ಬೆಳಿಗ್ಗೆ ಬಂದು ತೆಗೆದುಕೊಂಡು ಹೋಗಿ ಎಂದು ಹೇಳಿಬಿಟ್ಟಿದ್ದರು. ನನ್ನನ್ನು ಕೇಳದೆ. ಈ ಮನೆಯ ಗಂಡಸರಿಗೆ ಅದೊಂದು ಚಟ ಎಂದು ಆಗ ನನಗೆ ಗೊತ್ತಿರಲಿಲ್ಲ.

ನಾನು ಅಳಲಿಲ್ಲ ರೀ. ಹಟ ಹಿಡಿದೆ. ಬುಧವಾರ ರಜೆ ಹಾಕಿ ಅದರ ಮುಂದೆ ಕೂತೆ. ಆಫ್ ಮಾಡಿ ಕೂಡಲೇ ಆನ್ ಮಾಡಿದರೆ ಕೂಗುವುದಿಲ್ಲ. ತಣ್ಣಗಾಗಲು ಬಿಟ್ಟು ಆನ್ ಮಾಡಿದರೆ ಕೂಗುತ್ತದೆ. ಹಾಗಾದರೆ ಸರ್ವೀಸ್ ಸೆಂಟರಿನವನು ಬಿಸಿ ಇರುವಾಗಲೇ ಮತ್ತೆ ಮತ್ತೆ ಪರೀಕ್ಷೆ ಮಾಡಿ ನನ್ನನ್ನು ಸುಳ್ಳಿ ಮಾಡಿದ್ದ. ಗುರುವಾರ ಬೆಳಿಗ್ಗೆ, ಲ್ಯಾಪ್‌ಟಾಪು ಪೂರ್ತಿ ಆನ್ ಆಗುವ ಮೊದಲೇ ಕೀಲಿ ಒತ್ತಿ ತೆರೆಯುವ, ಒಳಗಿನ ಸೆಟ್ಟಿಂಗುಗಳ ಹಳೆಯ ನೀಲಿ ಪುಟಕ್ಕೆ ಹೋದೆ. ಒಂದೊಂದೇ ಸಾಲು ಓದುತ್ತ ಹೋದರೆ ಅಲ್ಲಿತ್ತು: ಯಂತ್ರ ತಣ್ಣಗಿರುವವರೆಗೆ ಫ್ಯಾನ್ ತಿರುಗುವುದು ಬೇಡ. ಯಾರೋ ಅದನ್ನು ಆನ್ ಮಾಡಿದ್ದರು. ಅದೇ ಯಂತ್ರ ಏಳುವಾಗ ಮೊದಲು ನೋಡುವುದು ಫ್ಯಾನ್ ತಿರುಗುತ್ತಿದೆಯೇ ಎಂದು. ತಿರುಗಬೇಡ ಎಂದವರು ಒಬ್ಬರು, ಯಾಕೆ ತಿರುಗಲಿಲ್ಲ ಎಂದು ಕೂಗುವವರು ಇನ್ನೊಬ್ಬರು, ನಡುವೆ ಬೈಸಿಕೊಂಡವಳು ನಾನು.

ಆ ಸಾಲನ್ನು ಆಫ್ ಮಾಡಿ, ಲ್ಯಾಪ್‌ಟಾಪನ್ನು ಮುಚ್ಚಿ ಕಿಟಕಿಯ ಗಾಳಿಗೆ ಇಟ್ಟೆ. ತಣ್ಣಗಾಗುತ್ತಿರುವಾಗಲೇ ಸರ್ವೀಸ್ ಸೆಂಟರಿನ ವ್ಯಾನಿನವನು ಬಾಗಿಲಿಗೆ ಬಂದ. ಮಾವ ಚೀಲ ಹಿಡಿದು ನಿಂತಿದ್ದರು. ಕೊಡುವುದಿಲ್ಲ ಮಾವ, ಸ್ವಲ್ಪ ಕಾಯಿರಿ ಎಂದೆ. ಅವರಿಗೆ ನಾನು ಇಲ್ಲ ಎಂದದ್ದು ಅದೇ ಮೊದಲು. ಅತ್ತೆ ಮಾತ್ರ ಏನೂ ಆಗಿಲ್ಲವೆನ್ನುವ ಹಾಗೆ ಬಂದವನಿಗೆ ನೀರು ಕೊಟ್ಟು, "ಕೂತ್ಕೊಳಪ್ಪಾ, ನಮ್ಮ ಹುಡುಗಿ ಏನೋ ತೋರಿಸ್ತಾಳಂತೆ" ಎಂದರು. ನಮ್ಮ ಹುಡುಗಿ ಅಂದರು ರೀ. ಅಂಗೈಗೆ ಲ್ಯಾಪ್‌ಟಾಪು ಪೂರ್ತಿ ತಣ್ಣಗೆ ತಾಗಿದ ಮೇಲೆ ಎಲ್ಲರೆದುರು ಗುಂಡಿ ಒತ್ತಿದೆ. ಮೊದಲು ಫ್ಯಾನ್ ಗುಂಯ್ ಎಂದಿತು, ಆಮೇಲೆ ಪರದೆ ಬೆಳಗಿತು, ಕೂಗಲಿಲ್ಲ. ಇನ್ನೊಂದು ಸಲ ತಣ್ಣಗಾಗಲಿ, ಆಮೇಲೆ ನೋಡೋಣ ಎಂದವರು ಮಾವ. ಎರಡನೆಯ ಸಲವೂ ಕೂಗದಿದ್ದಾಗ ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡು ವ್ಯಾನಿನವನಿಗೆ, "ನೀವು ಹೊರಡಿ. ಸಿಗ್ನಲ್ಲೇ ಕೆಟ್ಟಿತ್ತು, ಗಾಡಿ ಸರಿ ಇದೆ" ಎಂದರು. ಬಕೆಟ್ಟನ್ನು ಅವರೇ ಎತ್ತಿಕೊಂಡು ಹೋದರು. ಆ ಸೆಟ್ಟಿಂಗ್ ಯಾರು ಹಾಕಿದ್ದು ಎಂದು ಕೇಳಿದರು, ಗೊತ್ತಿಲ್ಲ ಎಂದೆ. ಆಗ ನಿಜಕ್ಕೂ ಗೊತ್ತಿರಲಿಲ್ಲ. ಶುಕ್ರವಾರ ಬಾಸ್ ಎದುರು ಅದೇ ಪರೀಕ್ಷೆ ಮಾಡಿ ತೋರಿಸಿ, ಲೈಬ್ರರಿಯನ್ನು ಟ್ರಸ್ಟಿನವರಿಗೆ ನಾನೇ ತೋರಿಸಿದೆ. ಹಿರಿಯಮ್ಮ ಈ ಸಲ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು.

ನೀವು ಬೆಳಗಿನ ಹೊತ್ತು ನನ್ನ ಫ್ಯಾನಿನ ಸದ್ದು ಮಾವನ ಕೋಣೆಗೆ ಕೇಳಬಾರದು ಎಂದು ಮಾಡಿದ್ದು, ನನಗೆ ಅರ್ಥವಾಗುತ್ತದೆ. ನೆನೆಸಿಕೊಂಡರೆ ಮುದ್ದೂ ಬರುತ್ತದೆ. ಆದರೆ ಒಂದು ಮಾತು ಹೇಳಿದ್ದರೆ ಏನಾಗುತ್ತಿತ್ತು? ಅಷ್ಟು ದೊಡ್ಡ ಹಡಗಿನ ಎಂಜಿನ್ನಿಗೆ ಏನು ಮಾಡಿದರೂ ಪುಸ್ತಕದಲ್ಲಿ ಬರೆದು ಸಹಿ ಹಾಕುತ್ತೀರಂತೆ, ನನ್ನ ಯಂತ್ರಕ್ಕೆ ಮಾತ್ರ ಬಾಯಿಮಾತೂ ಇಲ್ಲವೇ? ಹಡಗಿನಲ್ಲಿ ಬೇರೆ ಯಾರಾದರೂ ನಿಮಗೆ ಹೀಗೆ ಮಾಡಿದ್ದರೆ ಅವನನ್ನು ಸುಮ್ಮನೆ ಬಿಡುತ್ತಿದ್ದಿರಾ?

ಮಾವ ನಿಮಗೆ ಆಶೀರ್ವಾದ ತಿಳಿಸಿದ್ದಾರೆ. ಬಿಸಿಲಿಗೆ ಟೋಪಿಯಿಲ್ಲದೆ ಡೆಕ್ಕಿನ ಮೇಲೆ ಹೋಗಬೇಡ ಎನ್ನುತ್ತಿದ್ದಾರೆ ಅತ್ತೆ. ನನ್ನ ಕೋಪವೂ ಮುತ್ತುಗಳೂ ಒಂದೇ ಲಕೋಟೆಯಲ್ಲಿವೆ, ಬೇಕಾದ್ದನ್ನು ಮೊದಲು ತೆಗೆದುಕೊಳ್ಳಿ.

ಇನ್ನೂ ನಿಮ್ಮವಳೇ ಆದ,
ನಿಮ್ಮ ಹೆಂಡತಿ

ಮರೆತ ಮಾತು: ಅತ್ತೆ ಲಕೋಟೆ ಅಂಟಿಸಲು ಕರೆಯುತ್ತಿದ್ದಾರೆ, ಬೇಗ ಹೇಳಿಬಿಡುತ್ತೇನೆ. ಲೈಬ್ರರಿ ಕಟ್ಟುವ ಊರಿನಲ್ಲಿ ಮೂರು ತಿಂಗಳು ಇದ್ದು ಕೆಲಸ ನೋಡಿಕೊಳ್ಳಬೇಕು ಎಂದು ಟ್ರಸ್ಟಿನವರು ಶುಕ್ರವಾರವೇ ನನ್ನನ್ನು ಕೇಳಿದರು. ಹೊರಡುವುದು ನಿಮ್ಮ ರಜೆ ಶುರುವಾಗುವ ವಾರವೇ. ನಿಮ್ಮನ್ನು ಕೇಳಿ ಹೇಳುತ್ತೇನೆ ಎನ್ನಲು ಬಾಯಿ ತೆರೆದಿದ್ದೆ, ಕೂತ ಕುರ್ಚಿಯಲ್ಲೇ ಹ್ಞೂಂ ಎಂದುಬಿಟ್ಟೆ. ಶುಕ್ರವಾರದಿಂದ ಅದೊಂದು ಅಳುಕು ಇತ್ತು, ನಿನ್ನೆ ನಿಮ್ಮ ನಗು ಕೇಳಿದ ಮೇಲೆ ಅದೂ ಹೋಯಿತು. ಅಲ್ಲಿ ಕೊಡುವುದು ಒಂದೇ ಕೋಣೆ, ಮಂಚವೂ ಚಿಕ್ಕದಂತೆ. ಹಡಗು ಇಳಿದವರು ಮನೆಗೆ ಬರಬೇಡಿ, ನೇರ ಅಲ್ಲಿಗೇ ಬನ್ನಿ. ಎಲ್ಲಾ ನಿಮಗೆ ಒಳ್ಳೇದಾಗ್ಲಿ ಅಂತಾನೇ.