ಜನರಿಗೆಂದು ಬಿಟ್ಟ ಜಾಗ

ಹಾರ್ಲೆಮ್
೧೨ ಸೆಪ್ಟೆಂಬರ್ ೧೬೫೧

ಪ್ರೀತಿಯ ಕ್ರೈನ್,

ನಾನು ಕ್ಷೇಮ. ರೋಮಿನ ಬಿಸಿಲು ನಿನ್ನನ್ನು ಗುರುತು ಸಿಗದಷ್ಟು ಕಪ್ಪಾಗಿಸಿಲ್ಲ ಎಂದುಕೊಂಡಿದ್ದೇನೆ. ಈಸ್ಟರ್ ಹೊತ್ತಿಗೆ ಕೈಸೇರಿದ ಚಿತ್ರಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ತಪ್ಪಾಯಿತು. ಮೊದಲು ಕೆಮ್ಮು, ಆಮೇಲೆ ಅಟ್ಟ ಸೋರಿತು, ಆಮೇಲೆ ನಿನ್ನ ಅಕ್ಕ ನೇಲ್ ಬಂದು ಒಂದು ತಿಂಗಳು ಕೂತರು. ನೆಪ ಎಂದು ಅನ್ನಿಸಿದರೆ ಅನ್ನಿಸಲಿ. ಚಿತ್ರ ಮಾರಾಟವಾಯಿತು. ಅದರ ವಿಷಯ ಆಮೇಲೆ.

ನೇಲ್ ಅತ್ತಿಗೆಗೆ ನಿನ್ನ ಮೇಲೆ ಕೆಂಡದಂಥ ಕೋಪ. "ಎರಡು ವರ್ಷ ಅಂತ ಹೋದ ನಿನ್ನ ಗಂಡ ಐದು ವರ್ಷದಿಂದ ಬೆಟ್ಟ ನೋಡ್ತಾ ಕೂತಿದಾನೆ. ಆ ಬೆಟ್ಟ ಏನು ಎದ್ದು ಓಡಿಹೋಗುತ್ತಾ?" ಎಂದರು. ನಾನು ನಿನ್ನ ಪರ ವಹಿಸಿ, ಬೆಟ್ಟ ಓಡುವುದಿಲ್ಲ, ಬೆಳಕು ಓಡುತ್ತದೆ ಎಂದು ದೊಡ್ಡದಾಗಿ ವಾದಿಸಿದೆ. ಅತ್ತಿಗೆ ಹೆರಿಂಗ್ ಮೀನಿನ ತಲೆ ಕತ್ತರಿಸುತ್ತಾ ನನ್ನ ಮುಖವನ್ನೇ ನೋಡಿದರು.

ಇಲ್ಲಿಯ ಪೇಟೆ ಹುಚ್ಚುಹುಚ್ಚಾಗಿದೆ. ರೊಟ್ಟಿ ಸುಡುವವರ ಅಂಗಡಿಯಲ್ಲೂ ಗೋಡೆಗೆ ಎರಡು ಮೂರು ಭೂದೃಶ್ಯಗಳು. ನಮ್ಮ ಮರಳುದಿಬ್ಬ, ನಮ್ಮ ಮೋಡ ಯಾರಿಗೂ ಬೇಡ. ನೀನು ಬರೆಯುವ ಹೊಂಬಿಸಿಲೇ ಬೇಕಂತೆ. ನನ್ನಜ್ಜ ಸಂತರ ಬೆನ್ನ ಹಿಂದೆ, ಕಿಟಕಿಯ ಸಂದಿಯಲ್ಲಿ, ಉಗುರಿನಷ್ಟು ಬೆಟ್ಟ ಬರೆಯುತ್ತಿದ್ದರೆಂದು ನೀನು ಅಪ್ಪನ ಶಿಷ್ಯನಾಗಿದ್ದಾಗ ಅವರು ನಮ್ಮಿಬ್ಬರ ಕೈಯಲ್ಲೂ ಬಣ್ಣ ಅರೆಸುತ್ತಾ ಹೇಳುತ್ತಿದ್ದುದು ನೆನಪಿದೆಯೆ? ಹೊಸ ಮತ ಬಂದು ಚರ್ಚುಗಳಿಂದ ಸಂತರ ಚಿತ್ರಗಳು ಹೊರಬಿದ್ದವು, ಬೆಟ್ಟ ಉಳಿಯಿತು. ಅಪ್ಪನ ಕಾಲಕ್ಕೆ ಆಕಾಶ ಚಿತ್ರದ ಅರ್ಧ ಹಲಗೆ ತಿಂದಿತು, ನಮ್ಮ ಕಾಲಕ್ಕೆ ಮುಕ್ಕಾಲು. ಈಗ ಎಳೆಯ ಚಿತ್ರಕಾರರು ಚಿತ್ರದಲ್ಲಿ ಮನುಷ್ಯರೇ ಬೇಡ ಎನ್ನುತ್ತಿದ್ದಾರೆ. ಬರೀ ಮರ, ನೀರು, ಮೋಡ. ಹಾಗಾದರೆ ನನ್ನಂಥವಳ ಗತಿ ಏನು? ಮಂದಿಯ ಬೆಟ್ಟಗಳಲ್ಲಿ ಬೆರಳುದ್ದದ ಜನರನ್ನು ನಿಲ್ಲಿಸುವುದು ಬಿಟ್ಟು ನನಗೆ ಬೇರೇನೂ ಬಾರದು.

ನೀನು ಕಳಿಸಿದ ಮೊದಲ ಚಿತ್ರಕ್ಕೆ ನಾನು ಮಾಡಿದ ಅವಾಂತರ ನೆನೆದರೆ ಈಗಲೂ ನಗು ಬರುತ್ತದೆ. ರೋಮಿನ ಹೆಂಗಸರನ್ನು ನಾನೆಲ್ಲಿ ಕಂಡಿದ್ದೆ? ಹಾಳು ಕಮಾನಿನ ಕೆಳಗೆ ನಾನು ಜನರನ್ನು ಬರೆಯಲೆಂದು ನೀನು ಬಿಟ್ಟ ಜಾಗದಲ್ಲಿ, ಮರದ ಪಾದರಕ್ಷೆ ಮೆಟ್ಟಿ ಬಿಳಿ ಟೊಪ್ಪಿಗೆ ತೊಟ್ಟ ನಮ್ಮೂರ ಹಾಲಿನವಳನ್ನೇ ನಿಲ್ಲಿಸಿಬಿಟ್ಟೆ. ಚಿತ್ರದ ವ್ಯಾಪಾರಿ ವೌಟರ್ ಹೊಟ್ಟೆ ಹಿಡಿದುಕೊಂಡು ನಕ್ಕು, ಅದನ್ನೇ ಒಬ್ಬ ರೊಟ್ಟಿಯವನಿಗೆ ಮಾರಿದ. ಆಮೇಲೆ ನೀನು ಅಲ್ಲಿಯ ಉಡುಪುಗಳ ಗೀಟುಚಿತ್ರ ಕಳಿಸತೊಡಗಿದೆ. ಆ ಹಾಳೆಗಳು ಇನ್ನೂ ಗೋಡೆಯ ಮೇಲಿವೆ. ಎರಡು ವರ್ಷದಿಂದ ಹೊಸದೊಂದೂ ಬಂದಿಲ್ಲ.

ಈಗ ಮುಖ್ಯ ವಿಷಯ. ಚಿತ್ರಕಾರರ ಸಂಘದವರು ಕರೆಸಿದ್ದರು. ಊರಲ್ಲಿಲ್ಲದವನ ಹೆಸರಿನಲ್ಲಿ ಚಿತ್ರಶಾಲೆ ಎಷ್ಟು ವರ್ಷ ನಡೆಯಬೇಕು, ಕ್ರೈನ್ ಬರುತ್ತಾನೋ ಇಲ್ಲವೋ ಎಂದು ಕೇಳಿದರು. ನೀನು ಬರುವುದಾದರೆ ಎಲ್ಲ ಹೀಗೇ ನಡೆಯಲಿ. ಬರುವುದಿಲ್ಲವಾದರೆ ನಿನ್ನ ಹೆಸರು ಹೊಡೆದುಹಾಕಿ ನನ್ನ ಹೆಸರು ಬರೆದುಕೊಳ್ಳುತ್ತಾರೆ. ಮುಂದಿನ ತಿಂಗಳು ಸಂತ ಲೂಕನ ಹಬ್ಬದೊಳಗೆ ಉತ್ತರ ಬೇಕಂತೆ. ನಿನ್ನ ಉತ್ತರ ಅಷ್ಟರೊಳಗೆ ನನ್ನನ್ನು ಮುಟ್ಟುವುದಿಲ್ಲ, ಅದು ನನಗೆ ಗೊತ್ತು. ಆದರೂ ಕೇಳುತ್ತೇನೆ. ಬರುತ್ತೀಯಾ?

ಒಬ್ಬಳೇ ಇರುವುದು ಬಹಳ ಕಷ್ಟ, ಕ್ರೈನ್. ಬಟಾಣಿ ಸಾರು ಮಾಡಿದರೆ ಮೂರು ದಿನಕ್ಕಾಗುತ್ತದೆ. ಬೆಳಿಗ್ಗೆ ಬಣ್ಣ ಅರೆಯುವಾಗ ಇಬ್ಬರ ಪಾಲು ಅರೆದುಬಿಡುತ್ತೇನೆ, ಸಂಜೆಗೆ ನಿನ್ನ ಪಾಲು ಒಣಗಿರುತ್ತದೆ. ನಾನು ಜನರನ್ನು ಬರೆದೇ ಹೊಟ್ಟೆ ಹೊರೆಯುವವಳು, ಆದರೆ ಮಾತನಾಡಲು ಒಂದು ನರಪಿಳ್ಳೆಯೂ ಇಲ್ಲ.

ನಿನ್ನ ಕೈ, ಕಣ್ಣು ಗಟ್ಟಿಯಾಗಿರಲಿ. ದೇವರು ನಿನ್ನನ್ನು ಜ್ವರದಿಂದಲೂ ಕಳ್ಳರಿಂದಲೂ ಕಾಯಲಿ.

ನಿನ್ನ,
ಆಲ್ಟಿಯೆ

ಮರೆತ ಮಾತು: ಮರೆತದ್ದಲ್ಲ, ಬರೆಯಲಾರದೆ ಉಳಿಸಿಕೊಂಡದ್ದು. ಈಸ್ಟರಿಗೆ ಬಂದ ಚಿತ್ರದಲ್ಲಿ ನೀನು ನನಗೆ ಜಾಗ ಬಿಟ್ಟಿರಲಿಲ್ಲ. ಬುಗ್ಗೆಯ ಪಕ್ಕದಲ್ಲಿ ಆಗಲೇ ಒಬ್ಬ ಹೆಂಗಸು, ಕಂಕುಳಲ್ಲಿ ಮಗು. ಯಾರ ಕೈಯಿಂದಲೋ ಬರೆಸಿದ್ದೀಯೆ ಎಂದು ಮೊದಲು ಅಂದುಕೊಂಡೆ. ಅಲ್ಲ, ಕುಂಚ ನಿನ್ನದೇ. ನೀನು ಬರೆದ ಮನುಷ್ಯರು ಬಟ್ಟೆ ಹೊದಿಸಿದ ಗೂಟಗಳೆಂದು ಅಪ್ಪ ಬೈಯುತ್ತಿದ್ದರು. ಅಂಥವನು ಒಬ್ಬಳ ಕತ್ತು ಬಾಗಿದ ಬಗೆಯನ್ನು ಇಷ್ಟು ಸರಿಯಾಗಿ ಬರೆಯಬೇಕಾದರೆ ದಿನವೂ ನೋಡಿರಬೇಕು. ಮಗುವಿನ ಕಿವಿಗಳಂತೂ ನಿನ್ನವೇ. ಕಾಗದದಲ್ಲಿ ಬರೆಯಲು ಧೈರ್ಯ ಸಾಲದೆ ಚಿತ್ರದಲ್ಲಿ ಬರೆದು ಕಳಿಸಿದೆ, ಅಲ್ಲವೆ?

ಅವರ ಮೇಲೊಂದು ಬಂಡೆ ಬರೆಯುವುದು ನನಗೆ ಅರ್ಧ ಗಂಟೆಯ ಕೆಲಸ. ಬಣ್ಣವನ್ನೂ ಕಲಸಿದ್ದೆ. ಕೈ ಏಳಲಿಲ್ಲ. ನಮ್ಮ ಎರಡು ಕೂಸುಗಳನ್ನು ಮಣ್ಣು ಮಾಡಿದ ಮೇಲೆ ನಾನು ಯಾರ ಚಿತ್ರದಲ್ಲೂ ಮಗುವನ್ನು ಬರೆದವಳಲ್ಲ. ಇದ್ದದ್ದನ್ನು ಅಳಿಸುವುದೂ ನನ್ನಿಂದಾಗಲಿಲ್ಲ. ಹಾಗೆಯೇ ವೌಟರ್‌ಗೆ ಕೊಟ್ಟೆ. ಅವನು ತುಂಬ ಹೊತ್ತು ನೋಡಿ, "ಕೊನೆಗೂ ಮಗು ಬರ್ದೆಯಲ್ಲಮ್ಮ ಆಲ್ಟಿಯೆ. ಇಷ್ಟು ಚೆನ್ನಾಗಿ ನೀನು ಯಾವತ್ತೂ ಬರ್ದಿರ್ಲಿಲ್ಲ" ಎಂದ. "ಹೌದು, ನಾನೇ ಬರ್ದಿದ್ದು" ಎಂದೆ.

ಬರುತ್ತೀಯಾ ಎಂದು ಮೇಲೆ ಕೇಳಿದ್ದು ಒಮ್ಮೆ ಕೇಳಿಬಿಡಬೇಕೆಂಬ ಆಸೆಗೆ ಅಷ್ಟೆ. ನಿನ್ನೆಯೇ ಸಂಘಕ್ಕೆ ಹೋಗಿ ನನ್ನ ಹೆಸರು ಬರೆಸಿ ಬಂದಿದ್ದೇನೆ. ನೀನು ಬರುವುದು ಬೇಡ. ಮಗುವಿನ ಹೆಸರೇನೆಂದು ಮಾತ್ರ ಒಂದು ಸಾಲು ಬರೆದು ಕಳಿಸು.